ಕಾರಿನ ಏರ್ ಫಿಲ್ಟರ್: ಯಾವಾಗ ಬದಲಿಸಬೇಕು, ಯಾವುದನ್ನು ಕೊಳ್ಳಬೇಕು?

ಕಾರನ್ನು ಸರ್ವೀಸಿಗೆ ಬಿಟ್ಟ ದಿನ ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನಿಂದ ಕರೆ ಬರುತ್ತದೆ. ‘ಏರ್ ಫಿಲ್ಟರ್ ಹೋಗಿದೆ ಸಾರ್, ಹೊಸದು ಹಾಕಿಬಿಡಲೇ?’ ಬಹುಪಾಲು ಮಾಲೀಕರು ಹೂಂ ಎನ್ನುತ್ತಾರೆ. ಉಳಿದವರು ‘ಗಾಳಿ ಹೊಡೆದು ಅದನ್ನೇ ಹಾಕಿ’ ಎಂದು ಹೇಳಿ ಕೆಲವು ನೂರು ರೂಪಾಯಿ ಉಳಿಸಿದ ಸಮಾಧಾನ ಪಡುತ್ತಾರೆ. ಎರಡೂ ಉತ್ತರಗಳು ಫಿಲ್ಟರನ್ನು ಕಣ್ಣಾರೆ ನೋಡದೆ ಕೊಟ್ಟಂಥವು.

ಒಂದು ಕಿಲೋ ಪೆಟ್ರೋಲ್ ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಎಂಜಿನ್ 9,000 ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ಗಾಳಿಯೊಂದಿಗೆ ಬರುವ ಧೂಳನ್ನು ತಡೆಯಲು ಇರುವುದು ನೆರಿಗೆ ನೆರಿಗೆಯಾಗಿ ಮಡಿಸಿದ ಒಂದು ಕಾಗದ ಮಾತ್ರ.

ಧೂಳಿನಲ್ಲಿಯೂ ಹೆಚ್ಚು ಅಪಾಯಕಾರಿಯಾದುದು ಕಣ್ಣಿಗೆ ಕಾಣಿಸದ ಸೂಕ್ಷ್ಮ ಧೂಳು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ, ಎಂಜಿನ್ನನ್ನು ಸವೆಸುವ ಕಣಗಳ ಗಾತ್ರ ಹೆಚ್ಚಾಗಿ 5ರಿಂದ 20 ಮೈಕ್ರಾನ್. ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ತೆಳುವಾದ ಆಯಿಲ್ ಪದರದೊಳಗೆ ಸೇರಿಕೊಳ್ಳುವ ಈ ಕಣಗಳು ಮರಳು ಕಾಗದದಂತೆ ಉಜ್ಜುತ್ತವೆ. ವರ್ಷಗಳ ನಂತರ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸುತ್ತದೆ. ಆಗ ಬರುವ ಬಿಲ್ಲಿನಲ್ಲಿ ಹಲವು ಡಜನ್ ಫಿಲ್ಟರುಗಳನ್ನು ಕೊಳ್ಳಬಹುದು!

ಹೊಸ ಫಿಲ್ಟರಿನಿಂದ ಮೈಲೇಜ್ ಹೆಚ್ಚುತ್ತದೆ ಎಂಬುದು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪುಷ್ಟೀಕರಿಸುವುದಿಲ್ಲ. ಇಂಧನ ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಗಾಳಿ ಕಡಿಮೆಯಾದಂತೆ ಕಂಪ್ಯೂಟರ್ ಇಂಧನವನ್ನೂ ಕಡಿಮೆ ಮಾಡುತ್ತದೆ. ಕುಗ್ಗಿದ್ದು ಕಾರಿನ ವೇಗವರ್ಧನೆ. ಪ್ರೀಮಿಯರ್ ಪದ್ಮಿನಿಯಂತಹ ಕಾರ್ಬುರೇಟರ್ ಕಾರುಗಳ ಕಾಲದಲ್ಲಿ ಹುಟ್ಟಿದ ಮಾತು ಇಂದಿಗೂ ಚಲಾವಣೆಯಲ್ಲಿದೆ ಎನ್ನಬಹುದು. ಆದುದರಿಂದ ಮೈಲೇಜಿನ ಆಸೆಗೆ ಫಿಲ್ಟರ್ ಬದಲಿಸಬೇಕಾಗಿಲ್ಲ, ಎಂಜಿನ್ನಿನ ಆಯುಷ್ಯಕ್ಕಾಗಿ ಬದಲಿಸಬೇಕು.

ಯಾವಾಗ ಎಂಬುದಕ್ಕೆ ಮೊದಲ ಉತ್ತರ ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿದೆ. ಹಲವು ಕಾರುಗಳಿಗೆ 30,000ದಿಂದ 40,000 ಕಿ.ಮೀ. ಎಂದಿರುತ್ತದೆ, ಧೂಳಿನ ರಸ್ತೆಗಳಿಗೆ ಅದಕ್ಕೂ ಮೊದಲೇ ಎಂಬ ಸೂಚನೆ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಆ ಸಣ್ಣ ಅಕ್ಷರಗಳೇ ನಮ್ಮಲ್ಲಿ ಅನೇಕರಿಗೆ ಅನ್ವಯಿಸುವುದು. ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳ ಹಿಂದೆ ನಿತ್ಯ ಸಾಗುವ ಕಾರಿಗೂ, ಮಲೆನಾಡಿನ ಡಾಂಬರು ರಸ್ತೆಯಲ್ಲಿ ಓಡುವ ಕಾರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಮೆಟ್ರೊ, ಮೇಲ್ಸೇತುವೆ ಕಾಮಗಾರಿಗಳ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುವ ಕಾರುಗಳನ್ನು ಮೊದಲನೆಯ ಗುಂಪಿಗೇ ಸೇರಿಸುವುದು ಕ್ಷೇಮ. ಐದು ಸಾವಿರ ಕಿ.ಮೀ.ಗೊಮ್ಮೆ ಫಿಲ್ಟರನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ನೆರಿಗೆಗಳ ಆಳದವರೆಗೆ ಧೂಳು ತುಂಬಿದ್ದರೆ, ಕಾಗದ ಹರಿದಿದ್ದರೆ, ಎಣ್ಣೆಯ ಕಲೆ ಕಂಡರೆ ಅದರ ಕಾಲ ಮುಗಿಯಿತು.

ಬಣ್ಣ ಮಾಸಿದ ಮಾತ್ರಕ್ಕೆ ಎಸೆಯಬೇಕಾಗಿಲ್ಲ. ಅಲ್ಪಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ; ಮೇಲೆ ಕುಳಿತ ಧೂಳಿನ ಪದರವೇ ಇನ್ನೊಂದು ಜರಡಿಯಾಗುತ್ತದೆ. ಕಂಪ್ರೆಸರಿನ ಗಾಳಿ ಹೊಡೆದಾಗ ಆ ಪದರ ಹೋಗುವುದಲ್ಲದೆ, ಕಾಗದದಲ್ಲಿ ಕಾಣದಷ್ಟು ಸಣ್ಣ ತೂತುಗಳೂ ಬೀಳಬಹುದು. ಶುಚಿಗೊಳಿಸಲೇಬೇಕೆಂದಿದ್ದರೆ ಮೆಲ್ಲನೆ ತಟ್ಟಿ ಉದುರಿಸಿದರೆ ಸಾಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯುವುದಂತೂ ಸರ್ವಥಾ ಸಲ್ಲದು.

ಕೊಳ್ಳುವಾಗ ಕಾರಿನ ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲೋ ಎಂಬುದನ್ನು ಹೇಳಿ. ಸಾಧ್ಯವಾದರೆ ಹಳೆಯದನ್ನೇ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಊರಿನ ಬಿಡಿಭಾಗದ ಅಂಗಡಿಯಾಗಲಿ, ಗಮನಿಸಬೇಕಾದ ಮುಖ್ಯ ಅಂಶ ಅಂಚಿನ ರಬ್ಬರ್. ಅದು ಮೆತ್ತಗಿರಬೇಕು, ಸುತ್ತಲೂ ಒಂದೇ ಸಮನಾಗಿರಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿ ಕಾಗದವನ್ನು ಬಳಸದೆ ಅಲ್ಲಿಂದಲೇ ನುಗ್ಗುತ್ತದೆ; ಕೊಳೆಯಾದ ಫಿಲ್ಟರಿಗಿಂತ ಸರಿಯಾಗಿ ಕೂರದ ಹೊಸ ಫಿಲ್ಟರ್ ಹೆಚ್ಚು ಕೇಡು. ನಕಲಿ ಮಾಲಿನಲ್ಲಿ ನೆರಿಗೆಗಳು ವಿರಳವಾಗಿ, ಅಂಟು ಒರಟಾಗಿ ಕಾಣುವುದುಂಟು. ತೊಳೆದು ಮರುಬಳಸುವ, ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳೂ ಇವೆ. ದಿನನಿತ್ಯದ ಓಡಾಟಕ್ಕೆ ಅವುಗಳ ಅಗತ್ಯ ಕಾಣದು. ಎಣ್ಣೆ ಹೆಚ್ಚಾದರೆ ಗಾಳಿಯನ್ನು ಅಳೆಯುವ ಸೆನ್ಸರ್ ಕೆಡುವ ಸಂಭವವೂ ಇದೆ. ಗ್ಲೋವ್ ಬಾಕ್ಸಿನ ಹಿಂದೆ ಇರುವ ಎ.ಸಿ.ಯ ಕ್ಯಾಬಿನ್ ಫಿಲ್ಟರ್ ಬೇರೆ, ಇದು ಬೇರೆ.

ಬದಲಿಸುವುದು ಹತ್ತು ನಿಮಿಷದ ಕೆಲಸ. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ತೆರೆದು, ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಅಥವಾ ಸ್ಕ್ರೂಗಳನ್ನು ಬಿಡಿಸಿ. ಹಳೆಯ ಫಿಲ್ಟರ್ ಯಾವ ಮುಖವಾಗಿ ಕುಳಿತಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪೆಟ್ಟಿಗೆಯ ತಳದ ಕಸವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಎಂಜಿನ್ನಿನತ್ತ ಹೋಗುವ ಕೊಳವೆಗೆ ಒಂದು ಚೂರೂ ಬೀಳದಂತೆ ಎಚ್ಚರ ವಹಿಸಿ. ಆ ಕೊಳವೆಯ ಒಳಗೆ ಬೆರಳಾಡಿಸಿದಾಗ ಧೂಳು ಅಂಟಿದರೆ ಹಳೆಯ ಫಿಲ್ಟರ್ ಸೋರುತ್ತಿತ್ತೆಂದೇ ಅರ್ಥ. ಬಹಳ ದಿನ ನಿಲ್ಲಿಸಿದ ಕಾರುಗಳಲ್ಲಿ ಇಲಿ ಗೂಡು ಕಟ್ಟಿರುವುದೂ ಅಪರೂಪವಲ್ಲ. ಗ್ಯಾರೇಜಿನಲ್ಲಿಯೇ ಮಾಡಿಸುವವರು ಹಳೆಯ ಫಿಲ್ಟರನ್ನು ಕೇಳಿ ಪಡೆಯುವುದು ಒಳಿತು. ಬಿಲ್ಲಿನಲ್ಲಿದ್ದ ಹೊಸ ಫಿಲ್ಟರ್ ಬಾನೆಟ್ಟಿನಡಿ ಇರದಿದ್ದ ಅನುಭವ ಈ ವರದಿಗಾರನಿಗೂ ಆಗಿದೆ.

ಮಳೆಗಾಲದಲ್ಲಿ ಇದೇ ಪೆಟ್ಟಿಗೆ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ನೀರಿನಲ್ಲಿ ಮುಳುಗಿದ್ದು ನೆನಪಿರಬಹುದು. ನೀರು ನಿಂತ ರಸ್ತೆಯಲ್ಲಿ ಕಾರು ಕೆಟ್ಟು ನಿಂತರೆ ಕೀಲಿ ತಿರುಗಿಸುವ ಮುನ್ನ ಫಿಲ್ಟರನ್ನು ಮುಟ್ಟಿ ನೋಡಿ. ಅದು ಒದ್ದೆಯಾಗಿದ್ದರೆ ಸಿಲಿಂಡರಿಗೂ ನೀರು ಹೋಗಿರುವ ಸಾಧ್ಯತೆ ಇದೆ. ಗಾಳಿಯಂತೆ ನೀರನ್ನು ಅದುಮಲಾಗದ ಕಾರಣ, ಎಂಜಿನ್ ಚಾಲೂ ಮಾಡಲು ಯತ್ನಿಸಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂತಹ ಕಾರನ್ನು ಎಳೆದೊಯ್ಯುವ ವಾಹನಕ್ಕೆ ಹೇಳಿಕಳುಹಿಸುವುದೊಂದೇ ಸುರಕ್ಷಿತ ಮಾರ್ಗ.