ನೆಲ ಮುಟ್ಟಿಸಬಾರದ ತೂಕ

ಕೆಟಲ್‌ಬೆಲ್ ಹಿಡಿಯುವುದು ಹೇಗೆ ಎಂದು ಕೇಳಿದರೆ ವ್ಯಾಯಾಮ ಕಲಿಸುವವರಿಂದ ಎರಡು ಉತ್ತರ ಬರುತ್ತವೆ. ಹಿಡಿಕೆಯನ್ನು ಹಿಂಡುವಂತೆ ಬಿಗಿಯಾಗಿ ಹಿಡಿ, ಮುಷ್ಟಿ ಬಿಗಿದಷ್ಟೂ ಭುಜ ಗಟ್ಟಿಯಾಗುತ್ತದೆ ಎನ್ನುವುದು ಒಂದು. ಬೆರಳು ಸಡಿಲ ಬಿಡು, ತೂಕವನ್ನು ಮೂಳೆಯ ಮೇಲೆ ಕೂರಿಸು ಎನ್ನುವುದು ಇನ್ನೊಂದು. ಎರಡೂ ರಷ್ಯಾದಿಂದಲೇ ಬಂದ ಪಾಠಗಳು, ಎರಡರ ಬೆನ್ನಿಗೂ ಅನುಭವಿಗಳಿದ್ದಾರೆ. ಈ ಜಗಳವನ್ನು ಸ್ನಾಯು, ನರಗಳ ಲೆಕ್ಕದಲ್ಲಿ ತೀರಿಸಲು ಹೋಗುವವರೇ ಹೆಚ್ಚು. ಆದರೆ ಹಿಡಿತ ಎರಡಾಗಿ ಒಡೆದದ್ದಕ್ಕೆ ಕಾರಣ ಇರುವುದು ದೇಹದಲ್ಲಲ್ಲ, ಪಂದ್ಯದ ನಿಯಮದಲ್ಲಿ ಎಂದು ನನ್ನ ವಾದ. ಮುಗಿಯುವವರೆಗೂ ತೂಕವನ್ನು ಕೆಳಗಿಡಬಾರದು ಎಂಬ ಒಂದೇ ಕಟ್ಟಳೆ ಕೈಗೆ ಹೊಸ ಪಾಠ ಕಲಿಸಿತು.

ರಷ್ಯನ್ನರು ಕೆಟಲ್‌ಬೆಲ್ಲನ್ನು ಗಿರ್ಯಾ ಎನ್ನುತ್ತಾರೆ. ಆ ಮಾತು 1704ರ ರಷ್ಯನ್ ನಿಘಂಟಿನಲ್ಲೇ ಇದೆ, ಅದರ ಅರ್ಥ ತೂಕದ ಕಲ್ಲು. ಧಾನ್ಯದ ವ್ಯಾಪಾರಿಗಳು ತಕ್ಕಡಿಗೆ ಇಡುತ್ತಿದ್ದ ಎರಕದ ಕಬ್ಬಿಣದ ಗುಂಡು ಅದು. ಅಳತೆಯ ಹೆಸರು ಪೂದ್, ಒಂದು ಪೂದ್ ಅಂದರೆ 16.38 ಕಿಲೋ. ಇಂದಿಗೂ 16, 24, 32 ಕಿಲೋ ಎಂಬ ಮೆಟ್ಟಿಲುಗಳು ಉಳಿದಿರುವುದು ಒಂದು, ಒಂದೂವರೆ, ಎರಡು ಪೂದ್‌ಗಳ ನೆನಪಾಗಿ. ಹಿಡಿಕೆ ಬಂದದ್ದು ನೆಲದಿಂದ ತಕ್ಕಡಿಗೆ ಎತ್ತಿಡುವ ಅನುಕೂಲಕ್ಕೆ, ಕಸರತ್ತಿಗಲ್ಲ. ಈ ಸಂಗತಿಯನ್ನು ಹಗುರವಾಗಿ ನೋಡಬಾರದು. ಡಂಬೆಲ್ಲಿನ ಭಾರ ಮುಷ್ಟಿಯ ಎರಡೂ ಬದಿಗೆ ಸಮನಾಗಿ ಹಂಚಿರುತ್ತದೆ. ಗಿರ್ಯಾದ ಭಾರ ಮುಷ್ಟಿಯಿಂದ ಆಚೆ, ಒಂದೇ ಕಡೆ ಇರುತ್ತದೆ. ಹಾಗಾಗಿ ಒಂದೇ ವಸ್ತುವನ್ನು ಬಿಂದಿಗೆಯಂತೆ ಬೆರಳಿಗೆ ತೂಗುಹಾಕಬಹುದು, ಹೊರಳಿಸಿ ಮುಂಗೈಯ ಹಿಂಬದಿಗೆ ಒರಗಿಸಬಹುದು, ಗುಂಡು ಮೇಲಾಗಿ ತಲೆಕೆಳಗೆ ನಿಲ್ಲಿಸಲೂಬಹುದು. ಕೊನೆಯದರಲ್ಲಿ ಮುಷ್ಟಿ ಕೂದಲೆಳೆಯಷ್ಟು ಸಡಿಲಾದರೂ ಗುಂಡು ಹೊರಳಿಬೀಳುತ್ತದೆ. ಮೂರು ಹಿಡಿತಕ್ಕೂ ಅವಕಾಶ ಕೊಟ್ಟದ್ದು ವ್ಯಾಪಾರಿಯ ಹಿಡಿಕೆಯೇ.

ಸರ್ಕಸ್ಸಿನ ಕಾಲದಲ್ಲಿ ಮೆರೆದದ್ದು ಬಿಗಿಮುಷ್ಟಿ. ವೈದ್ಯ ವ್ಲಾದಿಸ್ಲಾವ್ ಕ್ರಾಯೆವ್‌ಸ್ಕಿ 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಭಾರ ಎತ್ತುವವರ ಕೂಟವೊಂದನ್ನು ಕಟ್ಟಿದರು. ಮುಂದೆ ಲೋಕಪ್ರಸಿದ್ಧನಾದ ಕುಸ್ತಿಪಟು ಹ್ಯಾಕೆನ್‌ಷ್ಮಿಟ್ ಪಳಗಿದ್ದು ಅವರ ಕೈಕೆಳಗೆ. ಸರ್ಕಸ್ಸಿನಲ್ಲಿ ಪ್ಯೋತರ್ ಕ್ರಿಲೋವ್‌ಗೆ ಗಿರ್ಯಾಗಳ ರಾಜ ಎಂಬ ಬಿರುದೇ ಇತ್ತು. ಆ ಅಂಗಳದಲ್ಲಿ ಜನ ನೋಡಲು ಬರುತ್ತಿದ್ದದ್ದು ಎಷ್ಟು ಭಾರ ಎತ್ತಿದ, ಹೇಗೆ ಎಸೆದು ಹಿಡಿದ ಎಂಬುದನ್ನು. ಅಂಥ ಕೆಲಸಕ್ಕೆ ಕೆಲವು ಕ್ಷಣಗಳ ಪೂರ್ಣ ಬಿಗಿ ಸಾಕು. ಆಮೇಲೆ ಗಿರ್ಯಾವನ್ನು ನೆಲಕ್ಕಿಟ್ಟು ಕೈ ಕೊಡವಿಕೊಳ್ಳಬಹುದು.

ಸೋವಿಯತ್ ಕಾಲದಲ್ಲಿ ಈ ಆಟ ಹಳ್ಳಿ, ಸೈನ್ಯಗಳಲ್ಲಿ ಬೆಳೆಯಿತು. 1985ರಲ್ಲಿ ಅಧಿಕೃತ ನಿಯಮಗಳು ಬಂದವು, ಅದೇ ವರ್ಷ ಲಿಪೆತ್‌ಸ್ಕ್‌ನಲ್ಲಿ ಸೋವಿಯತ್ ಒಕ್ಕೂಟದ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ಈಗ ಗೆಲ್ಲುವವನು ಹೆಚ್ಚು ಭಾರ ಎತ್ತಿದವನಲ್ಲ, ಗೊತ್ತಾದ ಭಾರವನ್ನು ಹೆಚ್ಚು ಸಲ ಎತ್ತಿದವನು. ನೆಲಕ್ಕಿಟ್ಟರೆ ಅಲ್ಲಿಗೆ ಆಟ ಮುಗಿಯಿತು. ಒಂದೇ ಕೈಯಲ್ಲಿ ಗಿರ್ಯಾವನ್ನು ಒಂದೇ ಬೀಸಿಗೆ ತಲೆಯ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ ಕೈ ಬದಲಾಯಿಸಲು ಒಂದೇ ಅವಕಾಶ. ಈ ಕಟ್ಟಳೆ ಬೆರಳುಗಳಿಗೆ ಕಲಿಸಿದ್ದನ್ನು ಹತ್ತಿರದಿಂದ ನೋಡಬೇಕು. ತಲೆಯ ಮೇಲಿಂದ ಇಳಿಯುವ ಗಿರ್ಯಾದ ಹಿಡಿಕೆ ಅಂಗೈಯಿಂದ ಜಾರಿ ಬೆರಳುಗಳ ಕೊಕ್ಕೆಗೆ ಬೀಳುತ್ತದೆ. ಹೆಬ್ಬೆರಳು ತೋರುಬೆರಳ ಮೇಲೆ ಕೂತು ಬೀಗ ಹಾಕುತ್ತದೆ. ಕಾಲುಗಳ ನಡುವೆ ಹಿಂದಕ್ಕೆ ತೂಗಿ, ಸೊಂಟದ ಬಲದಿಂದ ಮೇಲೆದ್ದು ಮುಖದ ಮಟ್ಟ ದಾಟುವ ಹೊತ್ತಿಗೆ ಬೀಗ ತೆರೆಯುತ್ತದೆ, ಕೈ ಹಿಡಿಕೆಯೊಳಗೆ ಆಳವಾಗಿ ತೂರಿಕೊಳ್ಳುತ್ತದೆ. ಆಗ ಹಿಡಿಕೆ ಹೆಬ್ಬೆರಳ ಸಂದಿನಿಂದ ಕಿರುಬೆರಳ ಬದಿಯ ಅಂಗೈ ಬುಡಕ್ಕೆ ಓರೆಯಾಗಿ ಕೂರುತ್ತದೆ, ಮಣಿಕಟ್ಟು ನೆಟ್ಟಗಿರುತ್ತದೆ, ಭಾರ ಮೂಳೆಯ ಮೇಲಿಳಿಯುತ್ತದೆ. ಬೆರಳುಗಳಿಗೆ ಅಲ್ಲಿ ಕೆಲಸವಿಲ್ಲ. ಸದಾ ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಆ ಒಂದು ಕ್ಷಣದ ಸಡಿಲಿನಲ್ಲೇ ಮುಂಗೈ ಉಸಿರಾಡಿಕೊಳ್ಳಬೇಕು.

ಇದಕ್ಕೆಲ್ಲ ಗಡಿಯಾರವೇ ಕಾರಣ, ಹತ್ತು ನಿಮಿಷದ ಮಿತಿ ಬಂದ ಮೇಲೆ ಸಹನಶಕ್ತಿಯ ಆಟವಾಯಿತು ಎನ್ನುವವರಿದ್ದಾರೆ. ವರ್ಷಗಳು ಇದನ್ನು ಒಪ್ಪುವುದಿಲ್ಲ. ಆ ಮಿತಿ ಬಂದದ್ದು 1989ರಲ್ಲಿ. ಅದಕ್ಕೂ ಮೊದಲು ಕಾಲಕ್ಕೆ ಕಟ್ಟೇ ಇರಲಿಲ್ಲ. ಪಂದ್ಯಗಳು ವಿಪರೀತ ಉದ್ದವಾಗುತ್ತಿದ್ದವು, ತೂಕವನ್ನು ತಲೆಯ ಮೇಲೆ ಹಿಡಿದು ನಿಂತು ದಣಿವಾರಿಸಿಕೊಳ್ಳುವ ಅಗತ್ಯ ಆಗ ಇನ್ನೂ ಹೆಚ್ಚಿತ್ತು. ಗಡಿಯಾರ ಬಂದದ್ದರಿಂದ ಆದದ್ದು ಇಷ್ಟೇ: ವಿಶ್ರಾಂತಿಯ ಕ್ಷಣ ಗಿಡ್ಡವಾಯಿತು, ಬಿಗಿಯುವ ಮತ್ತು ಬಿಡುವ ಲಯ ಚುರುಕಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸಡಿಲು ಹಿಡಿತ ಎಂದರೆ ಬಲವನ್ನು ತಪ್ಪಿಸಿಕೊಳ್ಳುವ ಉಪಾಯವಲ್ಲವೇ? 2001ರಲ್ಲಿ ಪಾವೆಲ್ ತ್ಸಾತ್ಸುಲಿನ್ ತಮ್ಮ ಪುಸ್ತಕದ ಮೂಲಕ ಅಮೆರಿಕದಲ್ಲಿ ಗಿರ್ಯಾವನ್ನು ಜನಪ್ರಿಯಗೊಳಿಸಿದಾಗ ಒತ್ತು ಕೊಟ್ಟದ್ದು ಮೈಯೆಲ್ಲ ಬಿಗಿಯುವುದಕ್ಕೆ. ಅದಕ್ಕೆ ಆಧಾರವೂ ಇದೆ: ಒಂದು ಸ್ನಾಯು ಜೋರಾಗಿ ಬಿಗಿದರೆ ಆ ಬಿಗಿ ಪಕ್ಕದ ಸ್ನಾಯುಗಳಿಗೂ ಹರಡುತ್ತದೆ. ಐದು ಸಲ ಭಾರವಾದದ್ದನ್ನು ಮೇಲಕ್ಕೆ ಒತ್ತುವವನಿಗೆ ಮುಷ್ಟಿಯ ಬಿಗಿ ನಿಜಕ್ಕೂ ನೆರವಾಗುತ್ತದೆ; ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅವನು ಐದರ ನಂತರ ಕೆಳಗಿಡುತ್ತಾನೆ. ಹತ್ತು ನಿಮಿಷದ ಸ್ನ್ಯಾಚ್‌ನಲ್ಲಿ ಅದೇ ಬಿಗಿಯನ್ನು ಹಿಡಿದುಕೊಂಡವನ ಕಾಲು, ಉಸಿರು ಇನ್ನೂ ಚೆನ್ನಾಗಿರುವಾಗಲೇ ಬೆರಳು ತೆರೆದುಕೊಳ್ಳುತ್ತವೆ. ಸಡಿಲು ಹಿಡಿತದವನೂ ಪ್ರತಿ ಇಳಿತಕ್ಕೆ ಬೀಳುವ ಕಬ್ಬಿಣವನ್ನು ಬೆರಳ ಕೊಕ್ಕೆಯಲ್ಲೇ ತಡೆಯಬೇಕು. ಅವನು ಬಲವನ್ನು ಬಿಟ್ಟವನಲ್ಲ, ಅಳೆದು ಖರ್ಚು ಮಾಡುವವನು.

ನಿಯಮ ಕೈಯನ್ನು ತಿದ್ದಿದ ಮೇಲೆ ಕಬ್ಬಿಣವನ್ನೂ ತಿದ್ದಿತು. ಎರಕದ ಹಳೆಯ ಗಿರ್ಯಾ ಭಾರ ಹೆಚ್ಚಿದಂತೆ ಗಾತ್ರದಲ್ಲೂ ಹಿಗ್ಗುತ್ತಿತ್ತು. ಮುಂಗೈಗೆ ತಾಗುವ ಜಾಗ ಪ್ರತಿ ತೂಕಕ್ಕೂ ಬೇರೆ. ಪಂದ್ಯದ ಉಕ್ಕಿನ ಗಿರ್ಯಾಗಳು ಭಾರ ಎಷ್ಟಿದ್ದರೂ ಹೊರಗೆ ಒಂದೇ ಅಳತೆ, ವ್ಯತ್ಯಾಸವೆಲ್ಲ ಒಳಗಿನ ಪೊಳ್ಳಿನಲ್ಲಿ. ಹಿಡಿಕೆಗೆ ಬಣ್ಣ ಬಳಿಯುವುದಿಲ್ಲ, ಏಕೆಂದರೆ ಕೈ ಜಾರದಂತೆ ಹಚ್ಚುವ ಪುಡಿ ನುಣುಪಾದ ಬಣ್ಣದ ಮೇಲೆ ನಿಲ್ಲದು. ಕೈಗವಸಿಗೆ ಅನುಮತಿಯಿಲ್ಲ, ಬಿಳಿ ಮೆಗ್ನೀಷಿಯಂ ಕಾರ್ಬೋನೇಟ್ ಪುಡಿಗೆ ಇದೆ. ಪಂದ್ಯಕ್ಕೆ ಮೊದಲು ಪಟು ಹಿಡಿಕೆಯನ್ನು ಮರಳುಕಾಗದದಿಂದ ಉಜ್ಜಿ, ಪುಡಿಯನ್ನು ಪದರಪದರವಾಗಿ ಹಚ್ಚುತ್ತಾನೆ. ಬೆರಳ ಬುಡದ ಗಂಟುಚರ್ಮವನ್ನು ಮೊದಲೇ ಹೆರೆದು ಮಟ್ಟ ಮಾಡಿರುತ್ತಾನೆ. ಹಾಗೆ ಮಾಡದಿದ್ದರೆ ಹಿಡಿಕೆ ಹೊರಳುವಾಗ ಆ ಗಂಟು ಸಿಕ್ಕಿ ಚರ್ಮ ಹರಿಯುತ್ತದೆ, ಉಳಿದ ನಿಮಿಷಗಳನ್ನು ಅವನು ಹರಿದ ಅಂಗೈಯಲ್ಲೇ ಎತ್ತಬೇಕಾಗುತ್ತದೆ.