ಕಿಣ್ವ ಕಳೆದುಕೊಂಡ ಬ್ಯಾಕ್ಟೀರಿಯಾಗಳ ಕಥೆ

ಕೋರಮಂಡಲ್‌ನವರಿಗೆ ಸೈನೈಡ್ ದಿಬ್ಬಗಳ ಪರಿಚಯ ಮಾಡಿಕೊಡಬೇಕಿಲ್ಲ. ಅದಿರಿನಿಂದ ಚಿನ್ನ ಬಿಡಿಸುವ ಆ ಸೈನೈಡ್ ವಿಷವಾಗುವುದು ಮುಖ್ಯವಾಗಿ ಒಂದು ಕಿಣ್ವವನ್ನು ತಡೆಯುವುದರಿಂದ. ಜೀವಕೋಶ ಆಮ್ಲಜನಕ ಬಳಸಲು ಬೇಕಾದ ಆ ಕಿಣ್ವ ನಿಂತರೆ ಉಸಿರಾಡಿಯೂ ಫಲವಿಲ್ಲ. ಕಿಣ್ವದ ವ್ಯಾಖ್ಯೆಯನ್ನು ನಾವೆಲ್ಲ ಈ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಕಿಣ್ವವನ್ನು ತಯಾರಿಸುವ ಸೂಚನೆ ಜೀನ್‌ನಲ್ಲಿದೆ ಎಂದು ವಿಜ್ಞಾನಿಗಳು ಕಂಡುಕೊಂಡದ್ದು ಹೇಗೆ? ಆ ಕಿಣ್ವವೇ ಇಲ್ಲದ ಜೀವಿಗಳನ್ನು ಹುಡುಕಿ ತೆಗೆದು.

ಈ ಇತಿಹಾಸದಲ್ಲಿ ನಮ್ಮ ಗಣಿಗೆ ನಂಟಿರುವ ಸಂಸ್ಥೆಯೊಂದಿದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿ.ಮೀ. ಆಳದಲ್ಲಿ ನ್ಯೂಟ್ರಿನೋಗಳ ಗುರುತು ಹಿಡಿದದ್ದು ಹಿರಿಯರಿಗೆ ಗೊತ್ತು. ಅದೇ ಸಂಸ್ಥೆಗೆ 1962ರಲ್ಲಿ ಹೋಮಿ ಭಾಭಾ ಅವರು ಒಬೈದ್ ಸಿದ್ದಿಕಿ ಎಂಬ ತರುಣ ವಿಜ್ಞಾನಿಯನ್ನು ಕರೆಸಿ ಅಣುಜೀವವಿಜ್ಞಾನ ಘಟಕ ಆರಂಭಿಸಿದರು.

ಸಿದ್ದಿಕಿ ಆಗಷ್ಟೇ ಅಮೆರಿಕದಲ್ಲಿ ಅಲನ್ ಗಾರೆನ್ ಜೊತೆ ಇ. ಕೋಲಿ ಬ್ಯಾಕ್ಟೀರಿಯಾದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಮೇಲೆ ಕೆಲಸ ಮಾಡಿದ್ದರು. ಫಾಸ್ಫೇಟ್ ಕೊರತೆಯಾದಾಗ ಬ್ಯಾಕ್ಟೀರಿಯಾ ಈ ಕಿಣ್ವವನ್ನು ಹೆಚ್ಚಾಗಿ ತಯಾರಿಸುತ್ತದೆ. ಇದು ಇಲ್ಲದವನ್ನು ಹುಡುಕುವ ಕ್ರಮ ಸರಳ. ಫಾಸ್ಫೇಟ್ ಕಡಿಮೆಯಿರುವ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರೆ ಒಂದೊಂದರ ಸಂತತಿಯೂ ಒಂದೊಂದು ಚುಕ್ಕಿಯಾಗುತ್ತದೆ. ಅದರ ಮೇಲೆ ನೈಟ್ರೋಫಿನೈಲ್ ಫಾಸ್ಫೇಟ್ ದ್ರಾವಣ ಸಿಂಪಡಿಸಿದರೆ ಕಿಣ್ವವಿರುವ ಚುಕ್ಕಿ ಹಳದಿಯಾಗುತ್ತದೆ, ಇಲ್ಲದ್ದು ಬಿಳಿಯಾಗಿಯೇ ಉಳಿಯುತ್ತದೆ. ಸಾವಿರಾರು ಹಳದಿ ಚುಕ್ಕಿಗಳ ನಡುವೆ ಅಪರೂಪದ ಬಿಳಿ ಚುಕ್ಕಿಯನ್ನು ಹುಡುಕಲು ಕಣ್ಣು ಮತ್ತು ತಾಳ್ಮೆ ಬೇಕು.

1962ರಲ್ಲಿ ಇಬ್ಬರೂ ಪ್ರಕಟಿಸಿದ ಫಲಿತಾಂಶ ಅಚ್ಚರಿಯದು. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಕೆಟ್ಟ ಜೀನ್ ಹಾಗೆಯೇ ಇದ್ದರೂ, ಬೇರೊಂದು ಜೀನ್‌ನ ಪ್ರಭಾವದಿಂದ ಕಿಣ್ವ ಮರಳಿ ಬಂದಿತ್ತು. ಜೀನ್‌ನ ನಡುವೆ ತಪ್ಪಾಗಿ ಬಿದ್ದ ಪೂರ್ಣವಿರಾಮದಿಂದ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತಿತ್ತು, ಆ ಇನ್ನೊಂದು ಜೀನ್ ಅದನ್ನು ದಾಟಿಸುತ್ತಿತ್ತು ಎಂಬುದು ಮುಂದೆ ಸ್ಪಷ್ಟವಾಯಿತು.

ಸಿದ್ದಿಕಿ ಮುಂದೆ ಇದೇ ದಾರಿಯಲ್ಲಿ ವಾಸನೆ ಗ್ರಹಿಸಲಾಗದ ಹಣ್ಣಿನ ನೊಣಗಳನ್ನು ಹುಡುಕಿದರು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕಟ್ಟಿದರು. 2013ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಯುವಕರು ರೈಲು ಹತ್ತುವುದು ಬೆಂಗಳೂರಿನ ಕೆಲಸಕ್ಕಾಗಿ. ನಾನೂ ಹಾಗೆಯೇ ಸಾಫ್ಟ್‌ವೇರ್ ಸೇರಿದೆ. ಅದೇ ಊರಿನಲ್ಲಿ ಇಂಥ ಪ್ರಯೋಗಶಾಲೆಯೂ ಇದೆ ಎಂದು ನಮ್ಮ ಮಕ್ಕಳಿಗೆ ತಿಳಿಯಬೇಕು. ಮೇಷ್ಟ್ರುಗಳು ಪ್ರತಿವರ್ಷ ಹತ್ತನೇ ತರಗತಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಾದರೆ, ಪ್ರಯಾಣದ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹೊರೋಣ. ಸುವರ್ಣ ಮಹೋತ್ಸವದ ವರ್ಷದಲ್ಲೇ ಅದು ಶುರುವಾಗಲಿ.