ಚಲಚ್ಚಿತ್ರದ ವೇಗವೂ ಕನ್ನಡದ ಶ್ರುತಿಯೂ

ಕನ್ನಡ ಚಲಚ್ಚಿತ್ರದ ಚರಿತ್ರೆಯಲ್ಲಿ ಕಥೆಗೂ ನಟವರ್ಗಕ್ಕೂ ದೊರೆತಿರುವ ಪ್ರಾಧಾನ್ಯವು ಚಿತ್ರ ಓಡುವ ವೇಗಕ್ಕೆ ದೊರೆತಿಲ್ಲ. ಆದರೆ ಹಾಡಿನ ಶ್ರುತಿ ಅದನ್ನೇ ಅವಲಂಬಿಸಿದೆ.

ಮೂಕಚಿತ್ರಗಳ ಕಾಲದಲ್ಲಿ ಕ್ಯಾಮರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗವು ಸೆಕೆಂಡಿಗೆ 16 ಫ್ರೇಮುಗಳಿಂದ 20ಕ್ಕೂ ಮೇಲಕ್ಕೆ ಏರಿಳಿಯುತ್ತಿತ್ತು. ಕಣ್ಣು ಅದನ್ನು ಸಹಿಸಿತು, ಕಿವಿ ಸಹಿಸದು. ಆದುದರಿಂದ ಧ್ವನಿ ಬಂದೊಡನೆ ನಿಮಿಷಕ್ಕೆ 90 ಅಡಿ, ಅಂದರೆ ಸೆಕೆಂಡಿಗೆ 24 ಫ್ರೇಮು, ಎಂಬ ನಿಯಮ ನೆಲೆಗೊಂಡಿತು. 1934ರ ಮಾರ್ಚ್ 3ರಂದು ತೆರೆಕಂಡ, ವೈ.ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನ’ದಿಂದ ಕನ್ನಡದಲ್ಲಿ ವಾಕ್ಚಿತ್ರದ ಯುಗ ಮೊದಲಾಯಿತು.

ದೂರದರ್ಶನವು ಬೇರೊಂದು ಲೆಕ್ಕವನ್ನು ತಂದಿತು. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದಕ್ಕೆ ಹೊಂದುವ ಪ್ರಸಾರ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಇಂಥ ಪದ್ಧತಿಯಲ್ಲಿ ರೂಢಿಯಾದ ಉಪಾಯವೆಂದರೆ 24ರ ಫಿಲ್ಮನ್ನೇ 25ರ ವೇಗದಲ್ಲಿ ಓಡಿಸುವುದು. ಚಿತ್ರವೂ ಧ್ವನಿಯೂ ಒಟ್ಟಿಗೆ ಓಡುವುದರಿಂದ ತುಟಿಗೂ ಮಾತಿಗೂ ಅಗಲಿಕೆಯಿಲ್ಲ. ಆದರೆ ಎರಡು ಗಂಟೆಯ ಚಿತ್ರ 4 ನಿಮಿಷ 48 ಸೆಕೆಂಡು ಮೊದಲೇ ಮುಗಿಯುತ್ತದೆ. ಶ್ರುತಿ ಒಂದು ಸ್ವರಸ್ಥಾನದ ಹತ್ತರಲ್ಲಿ ಏಳು ಪಾಲಿನಷ್ಟು ಏರುತ್ತದೆ.

ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1974ರಲ್ಲಿ ಘಾಜಿಯಾಬಾದಿನಲ್ಲಿ ತನ್ನ ಘಟಕವನ್ನು ತೆರೆಯಿತು. 1980ರ ದಶಕದಲ್ಲಿ ಈ ನಗರದಂಥ ಕಡೆಗಳಲ್ಲಿ ನೆಲಸಿದ್ದ ಕನ್ನಡಿಗರಿಗೆ ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳ ಸರಣಿಯೇ ತಾಯ್ನುಡಿಯ ಚಿತ್ರಗಳನ್ನು ಕಾಣುವ ಮುಖ್ಯ ಅವಕಾಶವಾಗಿತ್ತು. ಅಂಥ ಪ್ರಸಾರಗಳಿಂದ ಮನೆಗಳಲ್ಲಿ ಮುದ್ರಿಸಿಕೊಂಡ ವಿಡಿಯೋ ಕ್ಯಾಸೆಟ್ಟುಗಳು ಇಂದು ಗಣಕಯಂತ್ರದ ಕಡತಗಳಾಗಿ ಮಾರ್ಪಡುತ್ತಿವೆ. ಅಪಾಯವಿರುವುದು ಇಲ್ಲಿಯೇ. 25ರ ಚಿತ್ರವನ್ನು 24ಕ್ಕೆ ಇಳಿಸಿ ಧ್ವನಿಯನ್ನು ಹಾಗೆಯೇ ಬಿಟ್ಟರೆ, ಪ್ರತಿ 24 ಸೆಕೆಂಡಿನ ಧ್ವನಿಗೆ ಚಿತ್ರವು ಒಂದು ಸೆಕೆಂಡು ಹಿಂದೆ ಬೀಳುತ್ತದೆ. ವೇಗಗೊಳಿಸಿದ ಪ್ರತಿಯಾದರೆ ಎರಡನ್ನೂ ಒಂದೇ ಪ್ರಮಾಣದಲ್ಲಿ ನಿಧಾನಿಸಬೇಕು. ಆಗ ಶ್ರುತಿಯೂ ಸ್ವಸ್ಥಾನಕ್ಕೆ ಮರಳುತ್ತದೆ. ವೇಗ ಬದಲಿಸದೆ ಫ್ರೇಮುಗಳನ್ನಷ್ಟೇ ಪುನರಾವರ್ತಿಸಿದ ಪ್ರತಿಯಾದರೆ ಧ್ವನಿಯನ್ನು ಮುಟ್ಟಲಾಗದು. ಹೆಚ್ಚಾಗಿ ಸೇರಿಸಿದ ಫ್ರೇಮುಗಳನ್ನು ಮಾತ್ರ ತೆಗೆಯತಕ್ಕದ್ದು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಎಲ್ಲ ಚಿತ್ರಗಳಿಗೂ ಆ ಭಾಗ್ಯವಿಲ್ಲ. ‘ಸತಿ ಸುಲೋಚನ’ದ ಪ್ರತಿಗಳೇ ನಷ್ಟವಾಗಿವೆ. ಮೂಲ ಫಿಲ್ಮು ಅಳಿದ ಚಿತ್ರಕ್ಕೆ ಮನೆಯ ಕ್ಯಾಸೆಟ್ಟೇ ಕೊನೆಯ ಸಾಕ್ಷಿಯಾಗಬಹುದು. ಶಾಸನದ ಪಡಿಯಚ್ಚಿಗೆ ಅದು ದೊರೆತ ಸ್ಥಳವನ್ನು ನಮೂದಿಸುವಂತೆ, ಪ್ರತಿಯೊಂದು ಕಡತಕ್ಕೂ ಮೂಲದ ವೇಗವನ್ನೂ ಮಾರ್ಪಾಟಿನ ಕ್ರಮವನ್ನೂ ನಮೂದಿಸುವುದು ಸಂಗ್ರಾಹಕರ ಕರ್ತವ್ಯ. ಇಲ್ಲವಾದರೆ ಮುಂದಿನವರು ಗಾಯಕನದಲ್ಲದ ಶ್ರುತಿಯನ್ನೇ ಅವನದೆಂದು ನಂಬಿಯಾರು.